ಟ್ರಾಲಿಗೆ ಬೆಸೆದ ನಂಬರು

ನನ್ನ ಕೊರಳು ಉಳಿದ ದಿನವೇ ನನ್ನ ನೌಕರಿ ಹೋಯಿತು. ಹೋಯಿತು ಅನ್ನುವುದೂ ಸುಳ್ಳೇ, ನಾನೇ ಒದ್ದು ಬಂದೆ.

ಹಳಿಯಾಳದ ಒಂದು ಟ್ರ್ಯಾಕ್ಟರ್ ಶೋರೂಮಿನಲ್ಲಿ ನಾನು ಎಂಟು ವರ್ಷ ಸರ್ವಿಸ್ ಮೆಕ್ಯಾನಿಕ್ ಆಗಿದ್ದೆ. ಮೋಟರ್ ಸೈಕಲ್ ಮೇಲೆ ಊರೂರು ತಿರುಗಿ, ಕೆಟ್ಟು ನಿಂತ ಟ್ರ್ಯಾಕ್ಟರುಗಳನ್ನು ರೈತರ ಅಂಗಳದಲ್ಲೇ ರಿಪೇರಿ ಮಾಡುವುದು ನನ್ನ ಕೆಲಸ. ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷವಾಗಿತ್ತು. ಟ್ರ್ಯಾಕ್ಟರ್ ಮಾಡುವ ಕಂಪನಿಯ ದೊಡ್ಡ ತಲೆಗಳಿಗೆ ಏನು ಹೊಳೆಯಿತೋ ಏನೋ, ಇನ್ನು ಮೇಲೆ ಮೆಕ್ಯಾನಿಕ್ಕುಗಳೆಲ್ಲ ಬಿಳಿ ಅಂಗಿ ತೊಟ್ಟು ಟೈ ಕಟ್ಟಬೇಕೆಂದು ಫರ್ಮಾನು ಕಳಿಸಿದರು. ಬಿಳಿ ಅಂಗಿ! ದಿನಕ್ಕೆ ಮೂರು ಸಲ ಆಯಿಲಿನಲ್ಲಿ ಸ್ನಾನ ಮಾಡುವವನಿಗೆ! ಮೊದಲ ದಿನ ಟೈ ಕಟ್ಟಿಕೊಂಡು ಹೋದಾಗ ಒಬ್ಬ ರೈತ ನನ್ನನ್ನು ವಿಮೆಯವನೆಂದು ತಿಳಿದು ಹಿತ್ತಲ ಬಾಗಿಲಿಂದ ಓಡಿಹೋದ. ಅವನನ್ನು ಹುಡುಕಿ ತರುವುದರಲ್ಲೇ ಅರ್ಧ ದಿನ ಹೋಯಿತು.

ದಸರೆಗೆ ವಾರವಿತ್ತು. ಓಡುತ್ತಿದ್ದ ಇಂಜಿನ್ನಿನ ಸದ್ದು ಕೇಳಲು ಬಾಗಿದೆ. ಟೈ ಹೋಗಿ ಫ್ಯಾನ್ ಬೆಲ್ಟಿಗೆ ಸಿಕ್ಕಿಕೊಂಡಿತು. ಇಂಜಿನ್ ನನ್ನನ್ನು ಹಗ್ಗ ಹಾಕಿದ ಕರುವಿನಂತೆ ಎಳೆದುಕೊಳ್ಳತೊಡಗಿತು. ಪುಣ್ಯಕ್ಕೆ ಆ ರೈತನ ಹೆಂಡತಿ ಕೈಯಲ್ಲಿ ಕುಡಗೋಲು ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಯೋಚನೆ ಮಾಡದೆ ಟೈಯನ್ನು ಕರಕ್ಕನೆ ಕೊಯ್ದಳು. ಆ ತಾಯಿಯ ಹೊಟ್ಟೆ ತಣ್ಣಗಿರಲಿ. ಅವಳು ಯೋಚನೆ ಮಾಡುವವಳಾಗಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ.

ಅರ್ಧ ಟೈ ಕೊರಳಲ್ಲಿ ನೇತಾಡಿಸಿಕೊಂಡೇ ಶೋರೂಮಿಗೆ ಬಂದೆ. ನಮ್ಮ ಮಾಲಕರನ್ನು ಎಲ್ಲರೂ ಸಾವ್ಕಾರರು ಅನ್ನುತ್ತಿದ್ದರು. ಐವತ್ತೈದರ ದಪ್ಪ ಆಳು, ಹಣೆ ತುಂಬ ವಿಭೂತಿ, ಊರಿನ ಮಠದ ಕಮಿಟಿಯಲ್ಲಿ ದೊಡ್ಡ ಕುರ್ಚಿ. ಅವರು ನನ್ನ ಮುಖ ನೋಡಲಿಲ್ಲ, ಟೈ ನೋಡಿದರು.

"ಲೇ, ಕಂಪನಿ ಟೈ ಅದು. ಯಾರ್ನ ಕೇಳಿ ಕೊಯ್ದಿ?"

"ಕೊಯ್ದಿಲ್ಲಂದ್ರ ಕೊರಳ ಹೋಗತಿತ್ರಿ, ಸಾವ್ಕಾರ್ರ."

"ಕೊರಳು ನಿಂದು. ಟೈ ಕಂಪನಿದು."

ಅಷ್ಟೇ ಸಾಕಾಯಿತು. ಎಂಟು ವರ್ಷದ ಸಿಟ್ಟು ಒಂದೇ ಸಲ ನೆತ್ತಿಗೇರಿತು. ಅರ್ಧ ಟೈ ಬಿಚ್ಚಿ ಅವರ ಮೇಜಿನ ಮೇಲೆ ಎಸೆದೆ. ಗಾಡಿಯ ಕೀಲಿ ಇಟ್ಟೆ, ಸ್ಪ್ಯಾನರುಗಳ ಪಾನಾ ಪೆಟ್ಟಿಗೆ ಇಟ್ಟೆ, ಕೊನೆಗೆ ಜೇಬಿನಿಂದ ಮೊಬೈಲು ತೆಗೆದು ಅದನ್ನೂ ಕುಕ್ಕಿದೆ. ಸಿಟ್ಟು ಬಂದಾಗ ಮನುಷ್ಯ ಅನವಶ್ಯಕವಾಗಿ ಪ್ರಾಮಾಣಿಕನಾಗುತ್ತಾನೆ. ಕೊನೆಯದೊಂದನ್ನು ಕುಕ್ಕಬಾರದಿತ್ತು ಎಂದು ನನಗೆ ತಿಳಿಯಲು ಒಂದು ತಿಂಗಳು ಬೇಕಾಯಿತು.

ಆ ಮೊಬೈಲಿನ ಕತೆ ಹೇಳಬೇಕು. ತಿಂಗಳಿಗೊಮ್ಮೆ ಬಿಲ್ಲು ಬರುವ ಪೋಸ್ಟ್‌ಪೇಯ್ಡ್ ಕನೆಕ್ಷನ್ನು, ಅಂಗಡಿಯ ಹೆಸರಿನಲ್ಲಿತ್ತು. ಮೊದಲು ಬಂದಾಗ ಹಳಿಯಾಳ, ದಾಂಡೇಲಿ ಪೇಟೆ ಬಿಟ್ಟರೆ ಎಲ್ಲೂ ಸಿಗ್ನಲ್ ಇರಲಿಲ್ಲ. ಹಳ್ಳಿಗಳಲ್ಲಿ ನಾನು ಟ್ರ್ಯಾಕ್ಟರಿನ ಮಡ್‌ಗಾರ್ಡ್ ಹತ್ತಿ ನಿಂತು ಮಾತಾಡುತ್ತಿದ್ದೆ. ಕೆಳಗೆ ಜನ ನೆರೆದು, ದೇವರು ಮೈಮೇಲೆ ಬಂದವನನ್ನು ನೋಡುವಂತೆ ನೋಡುತ್ತಿದ್ದರು. ಬರಬರುತ್ತ ಟವರುಗಳು ಹೆಚ್ಚಾದವು, ಮುಂಡಗೋಡದವರೆಗೂ ನನ್ನ ನಂಬರು ಹಬ್ಬಿತು.

ಹಬ್ಬಿಸಿದವರು ಚಾಚಾ. ಹಳಿಯಾಳದಲ್ಲಿ ಟ್ರ್ಯಾಕ್ಟರ್ ಟ್ರಾಲಿಗಳನ್ನು ಮಾಡುವ ವೆಲ್ಡರ್. ಬಿಳಿ ಗಡ್ಡದ ಅರ್ಧ ಭಾಗ ಕಿಡಿ ಹಾರಿ ಸುಟ್ಟು ಕೆಂಪಾಗಿತ್ತು, ಉಳಿದರ್ಧ ಮೆಹೆಂದಿಯಿಂದ ಕೆಂಪಾಗಿತ್ತು. ಒಬ್ಬ ರೈತ ಹೊಸ ಟ್ರಾಲಿಯ ಹಿಂದಿನ ಬಾಗಿಲ ಮೇಲೆ ಮೆಕ್ಯಾನಿಕ್ಕಿನ ಫೋನ್ ನಂಬರು ಬರೆಸಿಕೊಡಿ ಅಂದನಂತೆ. ಪೇಂಟಿನಲ್ಲಿ ಬರೆದರೆ ಎರಡು ಹಂಗಾಮಿಗೆ ಅಳಿಸಿಹೋಗುತ್ತದೆ ಎಂದು ಚಾಚಾ ವೆಲ್ಡಿಂಗ್ ಕಡ್ಡಿಯಲ್ಲೇ ಹತ್ತು ಅಂಕಿ ಬರೆದುಬಿಟ್ಟರು. ಕಬ್ಬಿಣದ ಮೇಲೆ ಕಬ್ಬಿಣದ ಅಕ್ಷರ, ಕುರುಡನೂ ಕೈಯಾಡಿಸಿ ಓದಬಹುದು. ಅದನ್ನು ನೋಡಿ ಮತ್ತೊಬ್ಬ ಕೇಳಿದ, ಅವನನ್ನು ನೋಡಿ ಹತ್ತು ಜನ ಕೇಳಿದರು. ಆಮೇಲೆ ಯಾರೂ ಕೇಳಬೇಕಾಗಲಿಲ್ಲ. ಚಾಚಾ ಮಾಡಿದ ಟ್ರಾಲಿಯೆಂದರೆ ಮೇಲೆ ಮನೆದೇವರ ಹೆಸರು, ಕೆಳಗೆ ನನ್ನ ನಂಬರು. ಮುಂಡಗೋಡದ ಟಿಬೆಟಿನ ಲಾಮಾ ಕ್ಯಾಂಪಿನವರ ಟ್ರಾಲಿಯ ಮೇಲೆ ಅವರ ಲಿಪಿಯಲ್ಲಿ ಏನೋ ಮಂತ್ರ, ಅದರ ಕೆಳಗೂ ನಾನೇ. ನನಗಂತೂ ಎದೆ ಎರಡಿಂಚು ಉಬ್ಬಿತ್ತು. ನಂಬರು ನನ್ನದಲ್ಲ, ಅಂಗಡಿಯದು ಎಂಬುದು ನನಗೂ ಹೊಳೆದಿರಲಿಲ್ಲ, ಚಾಚಾನಿಗೂ ಹೊಳೆದಿರಲಿಲ್ಲ.

ನೌಕರಿ ಬಿಟ್ಟವನು ದಾಂಡೇಲಿಯಲ್ಲಿ ಒಂದು ತಗಡಿನ ಶೆಡ್ ಹಾಕಿದೆ. ಹೊಸ ಮೊಬೈಲು, ಹೊಸ ನಂಬರು. ದೀಪಾವಳಿ ಮುಗಿದರೆ ಕಬ್ಬಿನ ಹಂಗಾಮು, ಟ್ರ್ಯಾಕ್ಟರುಗಳು ಹಗಲೂ ರಾತ್ರಿ ಕಬ್ಬು ಹೊತ್ತು ಓಡುವ ಕಾಲ. ನಮ್ಮಂಥವರಿಗೆ ವರ್ಷದ ಅನ್ನ ಆ ನಾಲ್ಕು ತಿಂಗಳಲ್ಲೇ. ಕಾರ್ಡು ಛಾಪಿಸಿ ಹಂಚಿದೆ. ರೈತರು ಕಾರ್ಡನ್ನು ಗೌರವದಿಂದ ಅಂಗಿಯ ಜೇಬಿನಲ್ಲಿಟ್ಟುಕೊಂಡರು, ಅವರ ಹೆಂಡಿರು ಅಂಗಿಯನ್ನು ಅಷ್ಟೇ ಗೌರವದಿಂದ ಕಲ್ಲಿನ ಮೇಲೆ ಬಡಿದು ಒಗೆದರು. ನನ್ನ ಹೊಸ ಫೋನಿಗೆ ಬರುತ್ತಿದ್ದುದು ನನ್ನ ಹೆಂಡತಿಯ ಕರೆ ಮಾತ್ರ, ಅದೂ ಪಕ್ಕದ ಮನೆಯಿಂದ.

"ಗಿರಾಕಿ ಬಂದ್ರೇನು?"

"ಇಲ್ಲ."

"ಹಂಗಾರ ಬರೂವಾಗ ಉಳ್ಳಾಗಡ್ಡಿ ತೊಗೊಂಡು ಬರ್ರಿ."

ಒಂದು ದಿನ ಚಹಾದಂಗಡಿಯಲ್ಲಿ ಹಳೆಯ ಗಿರಾಕಿಯೊಬ್ಬ ನನ್ನನ್ನು ಕಂಡು ಬಾಯಿ ತೆರೆದುಕೊಂಡು ನಿಂತ. "ಅಲ್ಲೋ, ನೀ ಬೆಳಗಾವ್ಯಾಗ ಅದಿ ಅಂದ್ರಲ್ಲ?"

"ಯಾರಂದ್ರು?"

"ಫೋನ್ ಮಾಡಿದ್ನೆಪಾ, ಟ್ರಾಲಿ ಮ್ಯಾಲಿನ ನಂಬರಿಗೆ. ಸಾವ್ಕಾರ್ರ ಎತ್ತಿದ್ರು. ಅಂವ ಬೆಳಗಾವಿಗೆ ಮೀಟಿಂಗ್‌ಗೆ ಹೋಗ್ಯಾನು, ಬ್ಯಾರೆ ಮಂದೀನ ಕಳಸ್ತೇನಿ ಅಂದ್ರು. ಮೂರು ಸಲ ಮಾಡಿದೆ, ಮೂರೂ ಸಲ ಮೀಟಿಂಗ್. ಇಂವಾ ಯಾವಾಗ ಇಷ್ಟು ದೊಡ್ಡ ಮನಶ್ಯಾ ಆದಾ ಅಂತ ನನ್ನ ಹೇಣತಿ ಮುಂದ ಹೇಳಿದೆ."

ಮೈ ಉರಿದುಹೋಯಿತು. ಬೆಳಗಾವಿ ಮೀಟಿಂಗ್! ಅದು ನನ್ನ ಸುಳ್ಳು. ನಾನೇ ಹುಟ್ಟಿಸಿ, ಐದಾರು ವರ್ಷ ಸಾಕಿ ಬೆಳೆಸಿದ ಸುಳ್ಳು. ಅದನ್ನೇ ಕದ್ದು ನನ್ನ ಮೇಲೆ ತಿರುಗಿಸಿದ್ದರು ಆ ಮಹಾನುಭಾವರು.

ಸಂಗತಿ ಹೀಗೆ. ಪ್ರತಿ ಬುಧವಾರ ಸಾವ್ಕಾರರು ತಮ್ಮ ಜೀಪಿನಲ್ಲಿ ಒಬ್ಬರೇ ಹೋಗುತ್ತಿದ್ದರು, ತಮ್ಮ ಮೊಬೈಲು ಬಂದ್ ಮಾಡಿ, ಮನೆಯಿಂದ ಫೋನು ಬಂದರೆ ಏನಾದರೂ ಹೇಳು ಎಂದು ನನಗೆ ಒಪ್ಪಿಸಿ. ಹನ್ನೆರಡರ ಸುಮಾರಿಗೆ ಅವರ ಮನೆಯಿಂದ ನನಗೆ ಫೋನು. ಸಾವ್ಕಾರರ ಹೆಂಡತಿ. ನಾವು ಅಕ್ಕಾರು ಅನ್ನುತ್ತಿದ್ದೆವು. ಮುಖ ಕಂಡವರು ಕಡಿಮೆ, ಶೋರೂಮ್ ಉದ್ಘಾಟನೆಗೆ ಬಂದು ದೀಪ ಹಚ್ಚಿ ಹೋದವರು ಮತ್ತೆ ಬಂದಿರಲಿಲ್ಲ. ನನಗೆ ಅವರೆಂದರೆ ಬರೀ ಒಂದು ಮೆತ್ತನೆಯ ದನಿ.

"ಎಲ್ಲಿ ಅದಾರಪಾ ಅವರು?"

"ಬೆಳಗಾವ್ಯಾಗ ಮೀಟಿಂಗ್ ಐತ್ರಿ, ಅಕ್ಕಾರ."

"ಹೌದಾ. ಊಟಾ ಆತೇನಂತ?"

"ಆತಂತ್ರಿ."

ಅಷ್ಟು ಕೇಳಿ ಇಟ್ಟುಬಿಡುತ್ತಿದ್ದರು. ಐದಾರು ವರ್ಷ, ವಾರಕ್ಕೊಮ್ಮೆ, ಅದೇ ಎರಡು ಪ್ರಶ್ನೆ, ಅದೇ ಎರಡು ಉತ್ತರ. ಮೊದಮೊದಲು ನನಗೂ ಸಾವ್ಕಾರರು ಎಲ್ಲಿಗೆ ಹೋಗುತ್ತಾರೆಂದು ಗೊತ್ತಿರಲಿಲ್ಲ. ಗೊತ್ತಾದದ್ದು ಒಮ್ಮೆ ಜೀಪು ಸರಿಯಿಲ್ಲವೆಂದು ನನ್ನನ್ನು ಜೊತೆಗೆ ಕರೆದುಕೊಂಡು ಹೋದಾಗ. ಜೀಪು ಬೆಳಗಾವಿ ಕಡೆ ತಿರುಗಲಿಲ್ಲ. ದಾಂಡೇಲಿ ದಾಟಿತು, ಸೂಪಾ ಡ್ಯಾಮಿನ ಏರು ಹತ್ತಿತು, ಜೋಯಿಡಾ ಬಿಟ್ಟು ಗೋವಾ ಹಾದಿಯ ರಾಮನಗರದಲ್ಲಿ ಒಂದು ಹಂಚಿನ ಮನೆಯ ಮುಂದೆ ನಿಂತಿತು. ಹೊರಗೆ ಬೋರ್ಡು ಇಲ್ಲ, ಒಳಗಿಂದ ವಾಸನೆಯೇ ಬೋರ್ಡು. ಕೊಂಕಣಿ ಮಾತಾಡುವ ಒಬ್ಬ ಹೆಂಗಸು ನಡೆಸುವ ಖಾನಾವಳಿ. ಗೋವಾದಿಂದ ಬುಧವಾರ ತಾಜಾ ಮೀನು ಬರುತ್ತಿತ್ತು.

ಸಾವ್ಕಾರರು ಕರವಸ್ತ್ರ ತೆಗೆದು ಹಣೆಯ ವಿಭೂತಿ ಒರೆಸಿಕೊಂಡರು. "ನೀ ಇಲ್ಲೇ ಜೀಪಿನ್ಯಾಗ ಕುಂಡ್ರು," ಅಂದರು. ಮುಕ್ಕಾಲು ತಾಸಿನ ಮೇಲೆ ಹೊರಗೆ ಬಂದು, ನಾಲ್ಕು ಸಲ ಬಾಯಿ ಮುಕ್ಕಳಿಸಿ, ಏಲಕ್ಕಿ ಜಗಿದು, ಸಣ್ಣ ಡಬ್ಬಿಯಿಂದ ವಿಭೂತಿ ತೆಗೆದು ಮೂರು ಬೆರಳಿನಲ್ಲಿ ಮತ್ತೆ ಎಳೆದುಕೊಂಡರು. ಆ ಮುಕ್ಕಾಲು ತಾಸು ದೇವರಿಗೂ ರಜೆ. ಬಂಗಡೆ ಮೀನಿನ ಮುಳ್ಳು ತೆಗೆಯುವಾಗ ಕಣ್ಣು ಸರಿಯಾಗಿ ಕಾಣುವುದಿಲ್ಲ ಎಂದು ದಾರಿಯಲ್ಲಿ ಗೊಣಗಿದರು. ಚಾಳೀಸು ಹಾಕ್ಕೊಳ್ರಿ ಅಂದೆ. ಚಾಳೀಸು ಹಾಕ್ಕೊಂಡ್ರ ಮುದುಕ ಕಾಣ್ತೇನಿ ಅಂದರು. ಈರುಳ್ಳಿ ಬೆಳ್ಳುಳ್ಳಿಗೂ ಸೋಮವಾರ ರಜೆ ಕೊಡುವ ಮನೆ ಅವರದು. ಮಠದ ಕಮಿಟಿಗೆ ತಿಳಿದರೆ ಕುರ್ಚಿಯ ಜೊತೆ ಮರ್ಯಾದೆಯೂ ಹೋಗುತ್ತದೆ. ನನಗೆ ಅವರ ಮೇಲೆ ಅಂದು ಪ್ರೀತಿಯೇ ಬಂತು. ಅಷ್ಟು ದೊಡ್ಡ ಮನುಷ್ಯ, ಎರಡು ಬಂಗಡೆಗಾಗಿ ಘಟ್ಟ ಹತ್ತಿ ಇಳಿಯುತ್ತಾನಲ್ಲ! ಅಂದಿನಿಂದ ಬೆಳಗಾವಿ ಮೀಟಿಂಗನ್ನು ನಾನು ಇನ್ನಷ್ಟು ನಿಷ್ಠೆಯಿಂದ ಹೇಳತೊಡಗಿದೆ.

ಆ ನಿಷ್ಠೆಗೆ ಸಿಕ್ಕ ಇನಾಮು ಇದು.

ಚಾಚಾನ ಹತ್ತಿರ ಓಡಿದೆ. ಅವರು ಮುಖದ ಕಪ್ಪು ಕನ್ನಡಿ ಎತ್ತಿ ನನ್ನ ಗೋಳು ಕೇಳಿದರು. "ತೆಗಿಯೂದು ಏನ್ ಕಷ್ಟ ಇಲ್ಲ ಬೇಟಾ, ಗ್ರೈಂಡರ್ ಹೊಡದ್ರ ಹೋತು. ಟ್ರಾಲಿ ಎಲ್ಲೆಲ್ಲಿ ಅದಾವು ಅಂತ ನೀ ಹೇಳು." ಎಲ್ಲೆಲ್ಲಿ ಅಂದರೆ! ಹಳಿಯಾಳದಿಂದ ಮುಂಡಗೋಡದವರೆಗೆ, ಹೊಲದಲ್ಲಿ, ಗದ್ದೆಯಲ್ಲಿ, ಅಳಿಯಂದಿರ ಊರಿನಲ್ಲಿ. ಚಾಚಾ ಸ್ವಲ್ಪ ಹೊತ್ತು ಗಡ್ಡ ತುರಿಸಿಕೊಂಡರು. "ಲೋಹಾ ಬದಲ್ ಆಗಂಗಿಲ್ಲ. ನೀನ ಆ ನಂಬರ್ ತೊಗೊಂಡು ಬಾ."

ದಾಂಡೇಲಿಯಲ್ಲಿ ಮೊಬೈಲಿನವರ ಅಂಗಡಿಗೆ ಹೋದೆ. ಗಾಜಿನ ಹಿಂದೆ ಕುಳಿತಿದ್ದವನು ಒಳ್ಳೆಯವನೇ, ಆದರೆ ಪ್ರತಿ ಮಾತಿನ ಕೊನೆಗೂ ಆಕಳಿಸುತ್ತಿದ್ದ. ಹೆಸರು ಬದಲಾಯಿಸುವ ಫಾರ್ಮು ಕೊಟ್ಟ. ಕನೆಕ್ಷನ್ನು ಯಾರ ಹೆಸರಿನಲ್ಲಿದೆಯೋ ಅವರು "ನಮ್ಮ ತಕರಾರಿಲ್ಲ" ಎಂದು ಬರೆದು, ಸಹಿ ಮಾಡಿ, ಅಂಗಡಿಯ ರಬ್ಬರ್ ಶಿಕ್ಕಾ ಒತ್ತಿ ಕೊಡಬೇಕು. ಸಾವ್ಕಾರರ ಹೆಸರು ಹೇಳಿ ನಕ್ಕೆ. ಸಾವ್ಕಾರರು ತಮ್ಮ ಕಿಡ್ನಿಯನ್ನಾದರೂ ಬರೆದುಕೊಟ್ಟಾರು, ಈ ನಂಬರು ಕೊಡಲಾರರು. ಟ್ರಾಲಿಗಳೆಲ್ಲ ಅವರಿಗೆ ಪುಕ್ಕಟೆ ಜಾಹೀರಾತು ಮಾಡುತ್ತಿದ್ದವು.

ಗಾಜಿನ ಹಿಂದಿನವನು ಹಳೆಯ ಅರ್ಜಿಯ ಝೆರಾಕ್ಸ್ ತಿರುವಿ ನೋಡಿ ಆಕಳಿಸಿದ. "ಸಾವ್ಕಾರ್ರನ್ನ ಯಾಕ ಕೇಳ್ತಿ? ಅಂಗಡಿ ಅವರ ಹೆಸರಿನ್ಯಾಗ ಇಲ್ಲಲ್ಲ. ಮಾಲಕರು ಯಾರೋ ಹೆಣ್ಮಗಳು ಅದಾರ ನೋಡು."

ನೋಡಿದೆ. ಅಕ್ಕಾರ ಹೆಸರು. ಯಾವುದೋ ಟ್ಯಾಕ್ಸಿನ ಲೆಕ್ಕಾಚಾರಕ್ಕೆ ಸಾವ್ಕಾರರು ಇಡೀ ಶೋರೂಮನ್ನು ಹೆಂಡತಿಯ ಹೆಸರಿನಲ್ಲಿ ಮಾಡಿ, ಮಾಡಿದ್ದನ್ನು ತಾವೂ ಮರೆತಿದ್ದರು, ತೋರಿಸಿದಲ್ಲಿ ಓದದೆ ಸಹಿ ಹಾಕಿದ ಆಕೆಗೂ ಹೇಳಿರಲಿಲ್ಲ. ನಮ್ಮ ಕಡೆ ಅರ್ಧ ಪೇಟೆ ಹೆಂಡಿರ ಹೆಸರಿನಲ್ಲಿದೆ, ಹೆಂಡಿರು ಮಾತ್ರ ಅಡಿಗೆ ಮನೆಯಲ್ಲಿರುತ್ತಾರೆ.

ಮರುದಿನ ಹನ್ನೊಂದಕ್ಕೆ, ಸಾವ್ಕಾರರು ಶೋರೂಮಿನಲ್ಲಿರುವ ಹೊತ್ತು ನೋಡಿಕೊಂಡು, ಅವರ ಮನೆಯ ಬಾಗಿಲಲ್ಲಿ ನಿಂತೆ. ಈ ಸಹಿ ಆಗದಿದ್ದರೆ ಹಂಗಾಮು ನನ್ನ ಕೈ ತಪ್ಪುತ್ತದೆ, ಹಂಗಾಮು ತಪ್ಪಿದರೆ ಶೆಡ್ಡು ಮುಚ್ಚಬೇಕು, ಶೆಡ್ಡು ಮುಚ್ಚಿದರೆ ಮತ್ತೆ ಸಾವ್ಕಾರರ ಮುಂದೆ ಹೋಗಿ ಟೈಗೆ ಕೊರಳೊಡ್ಡಬೇಕು. ಪಡಸಾಲೆಯಲ್ಲಿ ಐವತ್ತರ ತೆಳ್ಳನೆಯ ಹೆಂಗಸೊಬ್ಬರು ಮೊರದಲ್ಲಿ ಅಕ್ಕಿ ಹಸನು ಮಾಡುತ್ತ ಕುಳಿತಿದ್ದರು. ಯಾರಪಾ, ಏನ್ ಬೇಕಾಗಿತ್ತು ಎಂಬಂತೆ ನೋಡಿದರು. ಪರಿಚಯವಿಲ್ಲದವನನ್ನು ನೋಡುವ ನೋಟ.

"ನಮಸ್ಕಾರ್ರಿ, ಅಕ್ಕಾರ," ಅಂದೆ.

ಮೊರ ನಿಂತಿತು.

"ನೀ... ಬುಧವಾರದ ಮೀಟಿಂಗಿನಾಂವ ಅಲ್ಲೇನು?"

ದನಿಯಿಂದ ಗುರುತು ಹಿಡಿದಿದ್ದರು. ನಾನು ಏನು ಹೇಳಬೇಕೆಂದು ರಾತ್ರಿಯಿಡೀ ಕಲಿತು ಬಂದಿದ್ದೆನೋ ಅದೆಲ್ಲ ಹಾರಿಹೋಯಿತು. ಟೈ, ಕುಡಗೋಲು, ಟ್ರಾಲಿ, ನಂಬರು, ಎಲ್ಲವನ್ನೂ ಹಿಂದು ಮುಂದಾಗಿ ಒದರಿದೆ. ಅವರು ಕೇಳಿಸಿಕೊಂಡರು. ಫಾರ್ಮು ಇಸಿದುಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಅಕ್ಷರ ಅಕ್ಷರ ಓದಿದರು. ತಮ್ಮ ಹೆಸರು ಬಂದಲ್ಲಿ ಬೆರಳಿಟ್ಟರು.

"ಅಂಗಡಿ ನಂದಾ?"

"ಕಾಗದದಾಗ ನಿಮ್ದ ಐತ್ರಿ."

"ಈ ಫೋನೂ ನಂದ?"

"ಹೌದ್ರಿ."

"ಹಂಗಾರ ಇಷ್ಟ ವರ್ಷ ನಿನಗ ಪಗಾರಾ ಕೊಟ್ಟಾಕಿ ನಾನು."

"ಲೆಕ್ಕದ ಪ್ರಕಾರ ಹೌದ್ರಿ, ಅಕ್ಕಾರ."

ಅವರು ಫಾರ್ಮನ್ನು ಮಡಿಲಲ್ಲಿಟ್ಟುಕೊಂಡರು. "ಅಂದ್ರ ನನಗ ಸುಳ್ಳ ಹೇಳ್ಲಿ ಅಂತ ನಾನ ನಿನಗ ಪಗಾರಾ ಕೊಡ್ತಿದ್ನೇನು?"

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆಕೆ ಸಿಟ್ಟು ಮಾಡಿದ್ದರೆ ಪರವಾಗಿರಲಿಲ್ಲ, ಸಿಟ್ಟಿಗೆ ನನ್ನ ಹತ್ತಿರ ಯಾವಾಗಲೂ ಉತ್ತರವಿರುತ್ತದೆ. ಆಕೆ ಮಾತ್ರ ಅಕ್ಕಿಯಲ್ಲಿ ಕಲ್ಲು ಸಿಕ್ಕಷ್ಟೇ ಸಹಜವಾಗಿ ಹೇಳಿದ್ದರು.

"ಸಹಿ ಮಾಡ್ತೇನಿ. ಅವಸರಾ ಏನಿಲ್ಲ. ಮೊದಲ ನೀ ಹೇಳು. ಬುಧವಾರ ಎಲ್ಲಿ ಹೋಗ್ತಾರ ಅವರು? ಯಾವಾಕಿ ಆಕಿ?"

"ಯವ್ವಾ, ಹಂಗೇನಿಲ್ರಿ ಅಕ್ಕಾರ!"

"ಬೆಳಗಾವ್ಯಾಗ ನಮ್ಮಣ್ಣ ಅದಾನಪಾ. ಇವರು ಒಂದ ಸಲಾನೂ ಅವನ ಮನಿಗಿ ಹೋಗಿಲ್ಲ. ನನಗ ತಿಳಿಯಂಗಿಲ್ಲ ಅಂತ ಮಾಡಿಯೇನು? ವಾರಾ ವಾರಾ ನಿನಗ ಫೋನ್ ಮಾಡತಿದ್ದೆ. ಇವತ್ತರೆ ಖರೇ ಹೇಳ್ಯಾನೇನು ಅಂತ."

ನಾನು ನಿಂತಲ್ಲೇ ತೂಗಿ ನೋಡಿದೆ. ಹೇಳಿದರೆ ಸಾವ್ಕಾರರನ್ನು ಮಾರಿದ ಹಾಗೆ. ಹೇಳದಿದ್ದರೆ ಈಕೆ ಇಲ್ಲದ ಹೆಂಗಸೊಬ್ಬಳ ಜೊತೆ ದಿನಾ ಬಾಳಬೇಕು, ನನ್ನ ಶೆಡ್ಡಿಗೂ ಬೀಗ. ನಾನು ಒಳ್ಳೆಯವನಾಗಿ ಹೇಳಿದೆನೆಂದು ಬರೆದುಕೊಳ್ಳಬಹುದು, ಯಾರು ಬೇಡ ಅನ್ನುತ್ತಾರೆ? ಆದರೆ ನನ್ನ ಬಾಯಿ ಬಿಡಿಸಿದ್ದು ಆ ಫಾರ್ಮು, ಮತ್ತೆ ಕೊರಳು ನಿಂದು ಟೈ ಕಂಪನಿದು ಎಂಬ ಮಾತು.

"ಮೀನ್ರಿ," ಅಂದೆ.

"ಏನ್?"

"ಮೀನಾ ತಿನ್ನಾಕ ಹೋಗ್ತಾರ್ರಿ. ರಾಮನಗರಕ್ಕ. ಬಂಗಡಾ."

ಗುಬ್ಬಿಯೊಂದು ಬಂದು ಮೊರದ ಅಂಚಿನಲ್ಲಿ ಕುಳಿತು ಎರಡು ಕಾಳು ತಿಂದು ಹೋಯಿತು. ನಾನು ಅವರು ನಗುತ್ತಾರೆಂದು ಕಾದೆ. ನಗಲಿಲ್ಲ.

"ಹೆಂಗಸು ಆಗಿದ್ರ ನಾಕ ಮಂದಿ ಮುಂದ ಹೇಳ್ಕೊಂಡು ಅಳಬಹುದಿತ್ತು," ಅಂದರು ಕೊನೆಗೆ. "ಮೀನಾ ಅಂತ ಯಾರ ಮುಂದ ಹೇಳ್ಲೋ ತಮ್ಮಾ?"

"ಯಾರ ಮುಂದೂ ಬ್ಯಾಡ್ರಿ, ಅಕ್ಕಾರ."

"ಎಷ್ಟು ತಿಂತಾರ?"

"ಎರಡ್ರಿ. ಒಮ್ಮೊಮ್ಮೆ ಮೂರು."

"ಮನ್ಯಾಗ ಒಂದು ರೊಟ್ಟಿ ತಿಂದು ಹೊಟ್ಟಿ ತುಂಬ್ತು ಅಂತಾರ," ಎಂದು ತಮ್ಮಷ್ಟಕ್ಕೇ ಅಂದುಕೊಂಡು ಎದ್ದು ಒಳಗೆ ಹೋದರು. ಫಾರ್ಮನ್ನೂ ಒಯ್ದರು. ಆಕೆ ತಿರುಗಿ ಬಂದಾಗ ಕೈಯಲ್ಲಿ ಅಂಗಡಿಯ ಶಿಕ್ಕಾ ಇತ್ತು. ದೀಪಾವಳಿಯ ಲಕ್ಷ್ಮಿ ಪೂಜೆಗೆ ಅಂಗಡಿಯಿಂದ ತಂದದ್ದು ಇನ್ನೂ ದೇವರ ಮನೆಯಲ್ಲೇ ಇತ್ತಂತೆ. ಅದರ ಮೇಲೆ ಪೂಜೆಯ ಕುಂಕುಮ ಹಾಗೇ ಮೆತ್ತಿತ್ತು. ನೆಲಕ್ಕೆ ಕುಳಿತು, ಶಾಲೆಯ ಹುಡುಗಿಯಂತೆ ತುಟಿ ಕಚ್ಚಿಕೊಂಡು, ತಮ್ಮ ಪೂರ್ತಿ ಹೆಸರನ್ನು ಒಂದಕ್ಷರವೂ ಬಿಡದೆ ಬರೆದರು. ಶಿಕ್ಕಾ ಒತ್ತಿದರು. ನೀಲಿಯ ಬದಲು ಕೆಂಪಗೆ ಬಿತ್ತು.

"ಇದು ನಾ ಓದಿ ಮಾಡಿದ ಮೊದಲನೇ ಸಹಿ, ನೋಡಪಾ. ನನ್ನ ಅಂಗಡ್ಯಾಗ," ಅಂದರು.

ಆಕಳಿಸುವವನು ಕೆಂಪು ಶಿಕ್ಕಾ ನೋಡಿ ಮೊದಲ ಸಲ ಆಕಳಿಸುವುದನ್ನು ಮರೆತ. ಒಂದು ವಾರಕ್ಕೆ ನಂಬರು ನನ್ನ ಹೆಸರಿಗೆ ಬಂತು. ಶೋರೂಮಿನಲ್ಲಿದ್ದ ಸಿಮ್ಮು ಸತ್ತಿತು. ಸಾವ್ಕಾರರು ಮೊಬೈಲನ್ನು ಕಿಟಕಿಯಲ್ಲಿ ಹಿಡಿದು, ಬಾಗಿಲಲ್ಲಿ ಹಿಡಿದು, ಕೊನೆಗೆ ರಸ್ತೆಯಲ್ಲಿ ನಿಂತು ಮೇಲೆತ್ತಿ ಅಲ್ಲಾಡಿಸಿ, ಟವರು ಕೆಟ್ಟಿದೆ ಎಂದು ಮೂರು ದಿನ ಬೈದರಂತೆ. ಆಮೇಲೆ ವಿಷಯ ತಿಳಿಯಿತು, ಹೆಂಡತಿ ಸಹಿ ಮಾಡಿದ್ದೂ ತಿಳಿಯಿತು. ಯಾಕೆ ಮಾಡಿದಳೆಂದು ಮಾತ್ರ ತಿಳಿಯಲಿಲ್ಲ. ಕೇಳಿದರೆ, "ಅಂಗಡಿ ನಂದಲ್ಲೇನ್ರಿ?" ಅಂದರಂತೆ ಆಕೆ.

ನನ್ನ ಫೋನು ಬಾಯಿ ಮುಚ್ಚದಂತಾಯಿತು. ಆ ಹಂಗಾಮಿನಲ್ಲಿ ನಾನು ಊಟಕ್ಕೆ ಕೂತದ್ದಕ್ಕಿಂತ ಟ್ರ್ಯಾಕ್ಟರಿನ ಕೆಳಗೆ ಮಲಗಿದ್ದೇ ಹೆಚ್ಚು, ಅದೂ ಬನಿಯನ್ನಿನಲ್ಲಿ, ಕೊರಳಿಗೆ ಏನೂ ಇಲ್ಲದೆ. ಬುಧವಾರ ಹನ್ನೆರಡಕ್ಕೆ ಮಾತ್ರ ಯಾರೂ ಫೋನ್ ಮಾಡುತ್ತಿರಲಿಲ್ಲ. ಸುಳ್ಳು ಹೇಳುವ ಕೆಲಸ ತಪ್ಪಿತೆಂದು ಸಂತೋಷ ಪಡಬೇಕಾದವನಿಗೆ ಏನೋ ಖಾಲಿ ಖಾಲಿ ಅನ್ನಿಸುತ್ತಿತ್ತು. ನಾಚಿಕೆಯೂ ಇತ್ತು. ಸಾವ್ಕಾರರು ದಾಂಡೇಲಿಯ ಪೇಟೆಯಲ್ಲಿ ಎದುರಾದರೆ ನಾನು ಪಕ್ಕದ ಅಂಗಡಿಗೆ ನುಗ್ಗಿ ಬೇಡದ ಸಾಮಾನಿನ ದರ ಕೇಳುತ್ತಿದ್ದೆ.

ವರ್ಷ ಕಳೆದು ಒಂದು ಬುಧವಾರ, ಮಧ್ಯಾಹ್ನಕ್ಕೆ ಮೊದಲು, ನನ್ನ ಫೋನು ಗುರುತಿಲ್ಲದ ನಂಬರಿನಿಂದ ಹೊಡೆದುಕೊಂಡಿತು.

"ಲೇ, ನಾನು." ಸಾವ್ಕಾರರ ದನಿ. "ಜೀಪ ನಿಂತೈತಿ. ಮೊಬೈಲ್ ಮನ್ಯಾಗ ಬಿಟ್ಟು ಬಂದೇನಿ. ಬೂತಿನಿಂದ ಮಾಡಾಕತ್ತೇನಿ."

"ಎಲ್ರಿ?"

"ನಿನಗ ಗೊತ್ತೈತಲ್ಲೋ."

"ಶೋರೂಮಿಗೆ ಮಾಡಬೇಕಾಗಿತ್ರಿ."

"ಹೆಂಗ ಮಾಡ್ಲೋ? ಇಲ್ಲಿ ಯಾಕ ಬಂದಾರಂತ ಕೇಳೂದಿಲ್ಲೇನು ಅವರು? ಮತ್ತ ನನಗ ಬಾಯಿಪಾಠ ಇರೂದು ಇದೊಂದ ನಂಬರ್. ಬಾರಲೇ, ಸುಮ್ನ."

ಹೋದೆ. ಯಾಕೆ ಹೋದೆನೆಂದು ಹೆಂಡತಿ ಆಮೇಲೆ ಕೇಳಿದಳು, ನನಗೂ ಸರಿಯಾಗಿ ಗೊತ್ತಿಲ್ಲ. ಸೂಪಾ ಏರು ಹತ್ತಿ ರಾಮನಗರ ಮುಟ್ಟಿದಾಗ ಜೀಪು ಅದೇ ಹಂಚಿನ ಮನೆಯ ಮುಂದಿತ್ತು. ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿತ್ತು, ಹತ್ತು ನಿಮಿಷದ ಕೆಲಸ. ಕೈ ಒರೆಸಿಕೊಂಡು ಹೊರಟೆ. ಸಾವ್ಕಾರರು ವಿಭೂತಿಯಿಲ್ಲದ ಹಣೆಯಲ್ಲಿ ಬಾಗಿಲಲ್ಲಿ ನಿಂತಿದ್ದರು. ವಯಸ್ಸಾದಂತೆ ಕಂಡರು.

"ಒಳಗ ಬಾ. ಉಂಡು ಹೋಗು."

"ಜೀಪಿನ್ಯಾಗ ಕುಂಡ್ರತೇನ್ರಿ."

"ಬಾ ಅಂದ್ರ ಬಾರಲೇ, ಮಂಗ್ಯಾ."

ಎಂಟು ವರ್ಷ ಅವರ ಕೈಕೆಳಗಿದ್ದೆ, ಒಂದೇ ಮೇಜಿಗೆ ಕುಳಿತದ್ದು ಅದೇ ಮೊದಲು. ಖಾನಾವಳಿಯ ಹೆಂಗಸು ಇಬ್ಬರಿಗೂ ಅನ್ನ, ಕೆಂಪು ಸಾರು, ಎರಡೆರಡು ಬಂಗಡೆ ಇಟ್ಟು ಹೋದಳು. ಮೊದಲ ತುತ್ತು ಬಾಯಿಗೆ ಹೋಗಿರಲಿಲ್ಲ, ಮೇಜಿನ ಮೇಲಿದ್ದ ನನ್ನ ಮೊಬೈಲು ಹೊಡೆದುಕೊಂಡಿತು. ರಾಮನಗರಕ್ಕೆ ಆ ವರ್ಷವಷ್ಟೇ ಟವರು ಬಂದಿತ್ತು. ಪರದೆಯ ಮೇಲೆ ಸಾವ್ಕಾರರ ಮನೆಯ ನಂಬರು. ಇಬ್ಬರೂ ನೋಡಿದೆವು.

ಎಡಗೈಯಲ್ಲಿ ಎತ್ತಿದೆ.

"ಮೊಬೈಲ್ ಇಲ್ಲೇ ಬಿಟ್ಟು ಹೋಗ್ಯಾರಪಾ, ಹೊತ್ತಾತು, ಜೀವಕ್ಕ ಸಮಾಧಾನ ಇಲ್ಲ. ಬುಧವಾರದ ಗುಟ್ಟು ಗೊತ್ತಿದ್ದಾಂವ ನೀ ಒಬ್ಬನ," ಅಂದಿತು ಆ ಮೆತ್ತನೆಯ ದನಿ. "ಎಲ್ಲಿ ಅದಾರಪಾ ಅವರು?"

ಸಾವ್ಕಾರರು ಸಾರು ಮೆತ್ತಿದ ಕೈ ಮೇಲೆತ್ತಿ ನನಗೆ ಸನ್ನೆ ಮಾಡುತ್ತಿದ್ದರು. ಬೆಳಗಾವಿ, ಬೆಳಗಾವಿ ಎಂದು ತುಟಿ ಆಡಿಸುತ್ತಿದ್ದರು. ಹಳೆಯ ಸುಳ್ಳು ನನ್ನ ನಾಲಗೆಯ ತುದಿಗೆ ತಾನಾಗಿ ಬಂದು ನಿಂತಿತು. ಆದರೆ ಆ ನಂಬರು ಈಗ ನನ್ನದು. ಅದರಲ್ಲಿ ಏನು ಹೇಳಬೇಕೆಂದು ಇನ್ನು ಯಾರೂ ನನಗೆ ಕಲಿಸುವಂತಿರಲಿಲ್ಲ.

"ನನ್ನ ಎದುರಿಗೇ ಕುಂತಾರ್ರಿ, ಅಕ್ಕಾರ. ರಾಮನಗರದಾಗ."

ಸಾವ್ಕಾರರ ಕೈ ಗಾಳಿಯಲ್ಲೇ ನಿಂತಿತು.

"ಹೌದಾ. ಊಟಾ ಆತೇನಂತ?"

"ಮಾಡಾಕತ್ತಾರ್ರಿ."

"ಮುಳ್ಳ ನೋಡ್ಕೊಂಡು ತಿನ್ರಿ ಅಂತ ಹೇಳು. ಕಣ್ಣ ಮೊದಲಿನಂಗ ಇಲ್ಲ ಅವರವು," ಎಂದು ಇಟ್ಟುಬಿಟ್ಟರು.

"ಏನಂದ್ಲೋ?" ಸಾವ್ಕಾರರು ಮೇಜಿನ ಮೇಲೆ ಬಾಗಿ ಕೇಳಿದರು.

"ಮುಳ್ಳ ನೋಡ್ಕೊಂಡು ತಿನ್ನಬೇಕಂತ್ರಿ."

ಅವರು ತಟ್ಟೆ ನೋಡಿದರು, ನನ್ನನ್ನು ನೋಡಿದರು, ಮೇಜಿನ ಮೇಲಿನ ಮೊಬೈಲು ನೋಡಿದರು. "ಆಕಿಗಿ ಯಾವಾಗಿಂದ ಗೊತ್ತು?"

"ಈ ನಂಬರ್ ನಂದಾದಾಗಿಂದ್ರಿ."

ಅರ್ಥವಾಯಿತು ಅವರಿಗೆ. ನಾನು ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿ ಕುಳಿತೆ, ಎಷ್ಟು ಬೈದರೂ ಅದು ನನಗೆ ಸಲ್ಲಬೇಕಾದದ್ದೇ ಆಗಿತ್ತು. ಸಾವ್ಕಾರರು ಬೈಯಲಿಲ್ಲ. ಎಡಗೈಯಿಂದ ಒಳಜೇಬು ತಡಕಾಡಿ, ಯಾರ ಮುಂದೆಯೂ ಹಾಕಿಕೊಳ್ಳದ ಚಾಳೀಸು ತೆಗೆದು ಮೂಗಿನ ಮೇಲೆ ಇಟ್ಟುಕೊಂಡರು. ಆಮೇಲೆ ತಟ್ಟೆಯ ಮೇಲೆ ಬಾಗಿ, ಒಂದೊಂದಾಗಿ ಮುಳ್ಳು ತೆಗೆಯತೊಡಗಿದರು.